ವಿದ್ಯಾರ್ಥಿಯ ಪ್ರಾತರಾಶ: ಸಾಲೋಟಗಿಯ ಶಾಸನವೂ ತಾಂಬಾದ ನ್ಯಾರಿಯೂ

ಬೆಳಗಿನ ಹೊತ್ತು ಮಕ್ಕಳಿಗೆ ಪ್ರತ್ಯೇಕವಾಗಿ ಉಣಿಸುವ ರೂಢಿಯು ನಮ್ಮಲ್ಲಿ ಪ್ರಾಚೀನವಾದುದಲ್ಲವೆಂದೂ, ಶ್ರುತಿಸ್ಮೃತಿಗಳು ಮನುಷ್ಯನಿಗೆ ಹಗಲೊಂದು ಇರುಳೊಂದು ಎಂಬಂತೆ ಎರಡೇ ಭೋಜನಗಳನ್ನು ವಿಧಿಸಿರುವುದರಿಂದ ಪ್ರಾತರಾಶವೆಂಬುದು ಪರದೇಶೀಯರ ಸಂಸರ್ಗದಿಂದ ಬಂದ ಹೊಸ ಪದ್ಧತಿಯೆಂದೂ ವಿದ್ವಾಂಸರಲ್ಲಿ ಒಂದು ಅಭಿಪ್ರಾಯವುಂಟು. ಈ ಲೇಖಕನೂ ಬಹುಕಾಲ ಇದೇ ಅಭಿಪ್ರಾಯವನ್ನು ಹಿಡಿದಿದ್ದವನು; ಅಧ್ಯಾಪಕರ ಸಭೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಿದವನು. ಅದು ತಪ್ಪೆಂದು ಈಗ ತೋರಿರುವುದರಿಂದ, ಹೇಳಿದ ಬಾಯಿಯಿಂದಲೇ ಅದನ್ನು ತಿದ್ದುವುದು ಯುಕ್ತವೆಂದು ಈ ಲೇಖನವನ್ನು ವಾಚಕರ ಮುಂದಿಡುತ್ತೇನೆ. ವಿಷಯವು ಅಡಿಗೆಮನೆಯದೆಂದು ಪಂಡಿತರು ಇದನ್ನು ಉಪೇಕ್ಷಿಸಬಾರದು. ಪಾಠ ಹೇಳುವವರೆಲ್ಲರೂ ಹಸಿದ ಮಕ್ಕಳ ಮುಂದೆ ಒಂದು ದಿನವಾದರೂ ನಿಂತವರೇ.

ಮೊದಲು ಶಾಸ್ತ್ರವನ್ನು ನೋಡೋಣ. ಮನುಷ್ಯನಿಗೆ ದಿನಕ್ಕೆರಡು ಸಲ ಅನ್ನವೆಂಬ ಮಾತು ತೈತ್ತಿರೀಯ ಬ್ರಾಹ್ಮಣದಲ್ಲಿದೆ. ನಡುವೆ ಉಣ್ಣಬಾರದೆಂಬ ನಿಯಮವನ್ನು ಮನುವು ಹೇಳುತ್ತಾನೆ. ಆದರೆ ಈ ನಿಯಮವು ಯಾರನ್ನು ಕುರಿತದ್ದು ಎಂಬುದನ್ನು ವಿಚಾರಿಸದೆ ಎಲ್ಲರ ಮೇಲೂ ಹೇರುವುದು ಮೀಮಾಂಸೆಗೆ ವಿರುದ್ಧ. ಆಪಸ್ತಂಬ ಧರ್ಮಸೂತ್ರದಲ್ಲಿ ಆಶ್ರಮಕ್ಕನುಸಾರವಾಗಿ ತುತ್ತುಗಳ ಲೆಕ್ಕವಿದೆ: ಮುನಿಗೆ ೮, ವಾನಪ್ರಸ್ಥನಿಗೆ ೧೬, ಗೃಹಸ್ಥನಿಗೆ ೩೨. ಬ್ರಹ್ಮಚಾರಿಗೆ ಮಾತ್ರ ಲೆಕ್ಕವೇ ಇಲ್ಲ. ಅವನ ಅನ್ನವು ಅಪರಿಮಿತ. ಅಲ್ಲಿಯೇ ಮುಂದೆ, ಅಗ್ನಿಹೋತ್ರಿ, ಎತ್ತು, ಬ್ರಹ್ಮಚಾರಿ ಈ ಮೂವರಿಗೂ ಉಂಡರೇ ಸಿದ್ಧಿ, ಉಣ್ಣದಿದ್ದರೆ ಸಿದ್ಧಿಯಿಲ್ಲವೆಂಬ ಅರ್ಥದ ಮಾತೂ ಇದೆ. ಬೌಧಾಯನ ವಸಿಷ್ಠರೂ ಈ ತುತ್ತಿನ ಲೆಕ್ಕವನ್ನು ಹೇಳುತ್ತಾರೆ. ಓದುವ ಹುಡುಗನನ್ನು ಹೊಲದಲ್ಲಿ ದುಡಿಯುವ ಎತ್ತಿನೊಡನೆ ಸೇರಿಸಿ ಹೇಳಿದ ಸ್ಮೃತಿಕಾರನು ಹುಡುಗರನ್ನು ಕಣ್ಣಾರೆ ಕಂಡವನೇ ಇರಬೇಕು.

ಆದರೆ ಅದೇ ಆಪಸ್ತಂಬನು ಬ್ರಹ್ಮಚಾರಿಗೆ ಕ್ಷಾರ, ಲವಣ, ಮಧು, ಮಾಂಸಗಳನ್ನು ನಿಷೇಧಿಸುತ್ತಾನೆ. ಎಂದರೆ, ವಿದ್ಯಾರ್ಥಿಯ ಆಹಾರದಲ್ಲಿ ಪ್ರಮಾಣಕ್ಕೆ ಮಿತಿಯಿಲ್ಲ, ಪದಾರ್ಥಕ್ಕೆ ಮಿತಿಯುಂಟು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮಗೆ ಉಪಯೋಗಕ್ಕೆ ಬರುವುದು.

ಪ್ರಾತರಾಶವೆಂಬ ಶಬ್ದವಾದರೂ ಹೊಸದಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ರಾವಣನು ಸೀತೆಯನ್ನು ಹೆದರಿಸುವಾಗ ತನ್ನ ಅಡಿಗೆಯವರ ಪ್ರಸಂಗದಲ್ಲಿ ಈ ಶಬ್ದವನ್ನು ಬಳಸುತ್ತಾನೆ. ಕಲ್ಯವರ್ತವೆಂಬ ಇನ್ನೊಂದು ಪರ್ಯಾಯವು ಮೃಚ್ಛಕಟಿಕದಲ್ಲಿ ಬರುತ್ತದೆ. ವಸ್ತುವಿಲ್ಲದೆ ಶಬ್ದವಿರುವುದಿಲ್ಲ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಅಂಧಕವಿಂದದ ಬ್ರಾಹ್ಮಣನೊಬ್ಬನು ಗಂಜಿಯನ್ನು ಅರ್ಪಿಸಿದ ಸಂದರ್ಭದಲ್ಲಿ ಬುದ್ಧನು ಗಂಜಿಯ ಹತ್ತು ಗುಣಗಳನ್ನು ಎಣಿಸುತ್ತಾನೆ: ಆಯುಸ್ಸು, ಕಾಂತಿ, ಸುಖ, ಬಲ, ಪ್ರತಿಭೆ ಇವನ್ನು ಕೊಡುವುದು, ಹಸಿವು ನೀರಡಿಕೆಗಳನ್ನು ಕಳೆಯುವುದು, ವಾಯುವನ್ನು ಸರಿಪಡಿಸಿ ಬಸ್ತಿಯನ್ನು ಶುದ್ಧಗೊಳಿಸಿ ಉಳಿದ ಆಮವನ್ನು ಪಚನಮಾಡುವುದು. ಈ ಪಟ್ಟಿಯಲ್ಲಿ ಪ್ರತಿಭೆಯೂ ಸೇರಿರುವುದು ಗಮನಾರ್ಹ. ಮಧ್ಯಾಹ್ನದ ನಂತರ ಉಣ್ಣದ ಭಿಕ್ಷುಗಳಿಗೆ ಬೆಳಗಿನ ಗಂಜಿಯೇ ಅಧ್ಯಯನದ ಆಧಾರ. ಇನ್ನು ಆಯುರ್ವೇದದಲ್ಲಿ ಚರಕನು ಹಸಿವನ್ನು ತಡೆಯಬಾರದ ವೇಗಗಳಲ್ಲಿ ಸೇರಿಸಿ, ತಡೆದರೆ ಕಾರ್ಶ್ಯ, ದೌರ್ಬಲ್ಯ, ತಲೆತಿರುಗುಗಳುಂಟಾಗುವುವೆಂದು ಹೇಳಿದ್ದಾನೆ.

ಈ ಎಲ್ಲಕ್ಕಿಂತಲೂ ಸ್ಪಷ್ಟವಾದ ಪ್ರಮಾಣವು ಛಾಂದೋಗ್ಯದ ಆರನೆಯ ಪ್ರಪಾಠಕದಲ್ಲಿದೆ. ಉದ್ದಾಲಕ ಆರುಣಿಯು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ಉಣ್ಣದೆ ನೀರನ್ನು ಮಾತ್ರ ಕುಡಿದಿರೆಂದು ಹೇಳುತ್ತಾನೆ. ಹದಿನಾರನೆಯ ದಿನ ಮಗನು ಬಂದು ನಿಂತಾಗ ಋಗ್ಯಜುಸ್ಸಾಮಗಳನ್ನು ಹೇಳೆನ್ನುತ್ತಾನೆ. ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ ಬಂದವನಿಗೆ ಒಂದೂ ತೋಚುವುದಿಲ್ಲ. ದೊಡ್ಡ ಬೆಂಕಿಯಲ್ಲಿ ಮಿಂಚುಹುಳುವಿನಷ್ಟು ಕೆಂಡ ಉಳಿದರೆ ಅದು ಹೆಚ್ಚೇನನ್ನೂ ಸುಡಲಾರದು, ಹಾಗೆಯೇ ನಿನ್ನ ಸ್ಥಿತಿ; ಹೋಗಿ ಉಂಡು ಬಾ ಎಂದು ತಂದೆಯು ಕಳುಹಿಸುತ್ತಾನೆ. ಉಂಡು ಬಂದ ಮಗನು ಕೇಳಿದುದಕ್ಕೆಲ್ಲ ಉತ್ತರ ಕೊಡುತ್ತಾನೆ. ಮನಸ್ಸು ಅನ್ನಮಯವೆಂಬ ಸಿದ್ಧಾಂತಕ್ಕಾಗಿ ಇದನ್ನು ನಾವು ವ್ಯಾಖ್ಯಾನಿಸುತ್ತೇವೆ. ಆದರೆ ಆ ಹುಡುಗನು ಹಸಿದು ನಿಂತದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾನು ಓದಿದ ಪಾಠಶಾಲೆಯಲ್ಲಿ ಬೆಳಗ್ಗೆ ಐದು ಗಂಟೆಗೆ ಅಮರಕೋಶದ ಆವೃತ್ತಿ ಆರಂಭವಾದರೆ ಮೊದಲ ಅನ್ನವು ಹನ್ನೊಂದಕ್ಕೆ ಬರುತ್ತಿತ್ತು. ನಾಮಲಿಂಗಗಳು ತಪ್ಪಿದಾಗ ಬೀಳುತ್ತಿದ್ದ ಏಟುಗಳಲ್ಲಿ ಎಷ್ಟು ನಮ್ಮ ಮಂದಬುದ್ಧಿಗೆ ಸಂದವು, ಎಷ್ಟು ಬರಿಯ ಹೊಟ್ಟೆಗೆ ಸಂದವು ಎಂದು ಈಗ ಆಲೋಚಿಸುತ್ತೇನೆ. ಕ್ರಿ. ಶ. ೧೯೮೯ರಲ್ಲಿ ಜಮೈಕಾ ದ್ವೀಪದಲ್ಲಿ ಸಿಮಿಯನ್, ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ಸಂಶೋಧಕರು ಬೆಳಗಿನ ಉಣಿಸು ತಪ್ಪಿದ ಮಕ್ಕಳ ಬುದ್ಧಿವ್ಯಾಪಾರವನ್ನು ಪರೀಕ್ಷಿಸಿ, ಮೊದಲೇ ಪುಷ್ಟಿಯಿಲ್ಲದ ಮಕ್ಕಳಿಗೇ ಇದರಿಂದ ಹೆಚ್ಚು ಹಾನಿಯೆಂದು ಪ್ರಕಟಿಸಿದರು. ಆರುಣಿಯ ಪರೀಕ್ಷೆಯನ್ನೇ ಅವರು ಬೇರೊಂದು ರೀತಿಯಲ್ಲಿ ಮಾಡಿದರೆನ್ನಬಹುದು.

ಇನ್ನು ನಮ್ಮ ನಾಡಿಗೆ ಬರೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ತಾಂಬಾ ಎಂಬುದೊಂದು ದೊಡ್ಡ ಹಳ್ಳಿ. ಅದೇ ತಾಲ್ಲೂಕಿನಲ್ಲಿ ಸಾಲೋಟಗಿಯಿದೆ. ಈ ಸೀಮೆಯೆಲ್ಲವೂ ಹಿಂದೆ ತರ್ದವಾಡಿ ಸಾಸಿರವೆಂಬ ನಾಡಿಗೆ ಸೇರಿದ್ದಿತು. ಆ ಹೆಸರು ಭೀಮಾತೀರದ ತದ್ದೇವಾಡಿಯಲ್ಲಿ ಇಂದಿಗೂ ಉಳಿದಿದೆ. ಸಾಲೋಟಗಿಯ ಕಂಬದ ಮೇಲೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಶಕವರ್ಷ ೮೬೭ರ, ಅಂದರೆ ಕ್ರಿ. ಶ. ೯೪೫ರ ಸಂಸ್ಕೃತ ಶಾಸನವಿದೆ. ರಾಜನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆ ಎಂಬ ಊರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ಅಲ್ಲಿ ನೆಲೆಸಿದರು. ಊರಿನ ಒಡೆಯನಾದ ಚಕ್ರಾಯುಧನು ಆ ಶಾಲೆಗೆ ೫೦೦ ನಿವರ್ತನ ಭೂಮಿಯನ್ನೂ, ೨೭ ಮನೆಗಳನ್ನೂ, ದೀಪಕ್ಕೆಂದು ೧೨ ನಿವರ್ತನಗಳನ್ನೂ ಬಿಟ್ಟನು. ಉಪಾಧ್ಯಾಯನಿಗೆ ೫೦ ನಿವರ್ತನ. ಇದಲ್ಲದೆ ಊರಿನವರು ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದಕ್ಕಿಂತಲೂ ಕಡಮೆ, ಹೀಗೆ ಶಾಲೆಗೆ ಕೊಡಬೇಕೆಂದೂ, ಬ್ರಾಹ್ಮಣಭೋಜನ ನಡೆದಾಗ ಶಾಲೆಯವರಿಗೂ ಯಥಾಶಕ್ತಿ ಉಣಿಸಬೇಕೆಂದೂ ಗೊತ್ತುಮಾಡಿದರು. ಶಾಲಾಪಾವಿಟ್ಟಗೆಯೇ ಸಾಲೋಟಗಿಯಾಯಿತೆಂದು ಶಾಸನಜ್ಞರ ಮತ. ಶಬ್ದದ ಸವೆತವನ್ನು ನೋಡಿದರೆ ಇದು ಸರಿಯೆಂದೇ ತೋರುವುದು. ಊರಿಗೆ ಊರೇ ಶಾಲೆಯ ಹೆಸರನ್ನು ಹೊತ್ತು ಸಾವಿರ ವರ್ಷ ನಡೆದುಬಂದಿದೆ.

ಇಲ್ಲಿ ನಮಗೆ ಮುಖ್ಯವಾದದ್ದು ದಾನದ ಅನುಪಾತ. ಪಾಠ ಹೇಳುವವನಿಗೆ ಕೊಟ್ಟದ್ದರ ಹತ್ತರಷ್ಟು ನೆಲವನ್ನು ಶಾಲೆಯ ಯೋಗಕ್ಷೇಮಕ್ಕೆ ಬಿಟ್ಟಿದ್ದಾರೆ. ವಿದ್ಯಾದಾನವೆಂದರೆ ಮೊದಲು ಅನ್ನದಾನ, ಆಮೇಲೆ ದೀಪ, ಆಮೇಲೆ ಪಾಠ ಎಂಬ ಕ್ರಮವನ್ನು ತರ್ದವಾಡಿಯ ಜನರು ಸರಿಯಾಗಿ ತಿಳಿದಿದ್ದರು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿಯೂ ಇದೇ ಕ್ರಮ: ಕ್ರಿ. ಶ. ೧೦೫೮ರಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ೨೦೦ ವೇದವಿದ್ಯಾರ್ಥಿಗಳಿಗೂ ೫೨ ಶಾಸ್ತ್ರವಿದ್ಯಾರ್ಥಿಗಳಿಗೂ ಅಶನಾಚ್ಛಾದನಗಳನ್ನು ಏರ್ಪಡಿಸಿದನು. ಹಾಗೆಂದು ನಾವು ಹೆಚ್ಚು ಬೀಗಲೂ ಬಾರದು. ಸಾಲೋಟಗಿಯ ೨೭ ಮನೆಗಳಲ್ಲಿ ಒಕ್ಕಲಿಗನ ಮಗನಾಗಲಿ, ಯಾವ ಹೆಣ್ಣುಮಗುವಾಗಲಿ ಇರಲಿಲ್ಲ. ೫೦೦ ನಿವರ್ತನಗಳನ್ನು ಉತ್ತವನ ಮಗನು ಬೆಳಗ್ಗೆ ಏನನ್ನುಂಡು ದನದ ಹಿಂದೆ ಹೋಗುತ್ತಿದ್ದನೆಂಬುದು ಕಲ್ಲಿನ ಮೇಲೆ ಬರೆಯತಕ್ಕ ವಿಷಯವೆಂದು ಯಾರಿಗೂ ತೋರಲಿಲ್ಲ.

ಪಾಕಶಾಸ್ತ್ರದ ಗ್ರಂಥಗಳೂ ಇಲ್ಲಿ ನೆರವಾಗುವುದಿಲ್ಲ. ಚಾವುಂಡರಾಯನ ಲೋಕೋಪಕಾರ (ಕ್ರಿ. ಶ. ೧೦೨೫), ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗ (೧೧೨೯), ಮೂರನೆಯ ಮಂಗರಸನ ಸೂಪಶಾಸ್ತ್ರ, ಕೆಳದಿಯ ಬಸವರಾಜನ ಶಿವತತ್ತ್ವರತ್ನಾಕರ (೧೭೦೯) ಇವೆಲ್ಲ ಅಮೂಲ್ಯವಾದವೇ, ಆದರೆ ಅವು ಬಲ್ಲವರ, ಅರಸರ ಭೋಗವನ್ನು ಹೇಳತಕ್ಕವು. ಇಡ್ಡಲಿಗೆ ದೋಸೆಗಳ ಪ್ರಾಚೀನತೆಯನ್ನು ಸಾಧಿಸಲು ಹಲವರು ಇವನ್ನು ತಡಕಿದ್ದಾರೆ. ಮಗುವಿನ ಬುತ್ತಿ ಅವುಗಳಲ್ಲಿ ಇಲ್ಲ. ಅದನ್ನು ಶಬ್ದಗಳಲ್ಲಿ ಹುಡುಕಬೇಕು.

ತಾಂಬಾದಲ್ಲಿಯೂ ಸುತ್ತಣ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಗಳಲ್ಲಿಯೂ ಬೆಳಗಿನ ಉಣಿಸಿಗೆ ನ್ಯಾರಿ ಎಂದು ಹೆಸರು. ಮರಾಠಿಯ ನ್ಯಾಹಾರಿಯೇ ಇದು. ಅರಬಿಯಲ್ಲಿ ಹಗಲೆಂಬರ್ಥದ ನಹಾರ್ ಶಬ್ದದಿಂದ ಇದು ಬಂದಿತೆನ್ನುವವರುಂಟು. ಸಂಸ್ಕೃತದ ಆಹಾರಶಬ್ದದೊಡನೆ ಸಂಬಂಧ ಕಲ್ಪಿಸುವವರೂ ಉಂಟು. ಆದಿಲಶಾಹಿಯ ರಾಜಧಾನಿಯ ನೆರಳಿನಲ್ಲಿ ಎರಡು ಶತಮಾನ ಬಾಳಿದ ನೆಲವಾದುದರಿಂದ ನಾನು ಮೊದಲಿನ ಪಕ್ಷದ ಕಡೆಗೆ ವಾಲುತ್ತೇನೆ. ಪೇಟೆಯವರು ಹೇಳುವ ನಾಷ್ಟಾ ಶಬ್ದವು ಇನ್ನೂ ಸ್ವಾರಸ್ಯವಾದದ್ದು. ಪಾರಸಿಯಲ್ಲಿ ಅದಕ್ಕೆ ಬೆಳಗಿನಿಂದ ಏನೂ ತಿನ್ನದವನೆಂದೇ ಮೂಲಾರ್ಥ. ಹಸಿವಿನ ಹೆಸರು ಅನ್ನಕ್ಕೆ ಬಂತು! ಆದರೆ ಈ ಶಬ್ದಗಳು ಹೊರಗಿನವೆಂದು ವಸ್ತುವೂ ಹೊರಗಿನದೆನ್ನಲಾಗದು. ಅಚ್ಚಗನ್ನಡದಲ್ಲಿ ತಣ್ ಮತ್ತು ಕೂಳ್ ಸೇರಿ ತಂಗೂಳ್ ಎಂದಾಗಿದೆ: ಇರುಳು ಉಳಿದದ್ದನ್ನು ಬೆಳಗ್ಗೆ ಉಣ್ಣುವ ಕೂಳು. ಬುತ್ತಿಯು ಭುಕ್ತಿಯ ತದ್ಭವ. ಹೊಲಕ್ಕೆ ಹೋಗುವವನ ಬುತ್ತಿಯೇ ಮುಂದೆ ಶಾಲೆಗೆ ಹೋಗುವವನ ಬುತ್ತಿಯಾಯಿತು.

ತಂಗುಳನ್ನು ಗೀತೆಯು ತಾಮಸವೆಂದಿದೆಯಲ್ಲ ಎಂದು ಆಕ್ಷೇಪಿಸುವವರಿಗೆ ಮನುವಿನ ಐದನೆಯ ಅಧ್ಯಾಯವನ್ನು ತೋರಿಸಬೇಕು. ಅಲ್ಲಿ ಜಿಡ್ಡು ಕೂಡಿದ ಪದಾರ್ಥವು ಪರ್ಯುಷಿತವಾದರೂ ಭಕ್ಷ್ಯವೆಂದೂ, ಯವಗೋಧೂಮಗಳಿಂದ ಆದದ್ದು, ಹಾಲಿನಿಂದ ಆದದ್ದು ಬಹುಹೊತ್ತು ಇದ್ದರೂ ತಿನ್ನಬಹುದೆಂದೂ ವಿಧಿಯಿದೆ. ನಮ್ಮ ಸೀಮೆಯ ಕಟಕ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಸ್ಮೃತಿಪ್ರಮಾಣ ಬೇಡ. ಜೋಳವನ್ನು ಸಂಸ್ಕೃತದಲ್ಲಿ ಯವನಾಲವೆಂದು ಕರೆದಿರುವುದರಿಂದ ಯವದ ಬಳಗಕ್ಕೆ ಅದನ್ನು ಸೇರಿಸಿದರೆ ವೈಯಾಕರಣರು ನಕ್ಕಾರು, ಧರ್ಮಶಾಸ್ತ್ರಿಗಳು ಕ್ಷಮಿಸಿಯಾರು.

ಜೋಳವು ಇಲ್ಲಿ ಬರಿಯ ಧಾನ್ಯವಲ್ಲ. ಹಳಗನ್ನಡದಲ್ಲಿ ಜೋಳವಾಳಿಯೆಂದರೆ ಉಂಡ ಅನ್ನದ ಋಣ. ಪಂಪನ ಭಾರತದಲ್ಲಿಯೂ (೯೪೧) ಶಾಸನಗಳಲ್ಲಿಯೂ ಈ ಭಾವನೆ ಪ್ರಸಿದ್ಧವಾಗಿದೆ. ಸಾಲೋಟಗಿಯ ಶಾಲೆಗೂ ಪಂಪನ ಕಾವ್ಯಕ್ಕೂ ನಾಲ್ಕೇ ವರ್ಷಗಳ ಅಂತರ. ಅಂಬಲಿಯ ಘನತೆಯನ್ನು ಹೇಳಬೇಕಾದರೆ, ಚೋಳನ ಷಡ್ರಸಾನ್ನವನ್ನು ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದ ಕಥೆಯು ಶರಣಸಾಹಿತ್ಯದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಇಂದಿಗೂ ಈ ಸೀಮೆಯಲ್ಲಿ ನ್ಯಾರಿಯೆಂದರೆ ಜೋಳದ ರೊಟ್ಟಿ, ಮೊಸರು, ಶೇಂಗಾದ ಇಲ್ಲವೆ ಗುರೆಳ್ಳಿನ ಹಿಂಡಿ, ಮಡಕಿಕಾಳಿನ ಅಥವಾ ಹೆಸರುಕಾಳಿನ ಪಲ್ಯ, ಕಾಲಕ್ಕೆ ಪುಂಡಿಪಲ್ಯ. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಬಡತನವಿದ್ದಲ್ಲಿ ನುಚ್ಚು ಮಜ್ಜಿಗೆ. ಇದೆಲ್ಲ ಸನಾತನವೆಂದು ತಿಳಿಯಬೇಡಿರಿ. ಶೇಂಗಾ, ಮೆಣಸಿನಕಾಯಿಗಳು ಅಮೆರಿಕಾ ಖಂಡದಿಂದ ಬಂದವು; ಸೋಮೇಶ್ವರನ ಅಡಿಗೆಮನೆಯಲ್ಲಿ ಇವೆರಡೂ ಇರಲಿಲ್ಲ. ಒಳ್ಳೆಯದನ್ನು ಆರಿಸಿಕೊಂಡು ತನ್ನದಾಗಿ ಮಾಡಿಕೊಳ್ಳುವ ವಿವೇಕವೇ ಇಲ್ಲಿಯ ಸಂಪ್ರದಾಯ.

ಈ ವಿವೇಕವನ್ನು ಹೊಸ ವಿದ್ಯೆಯೂ ಸಮರ್ಥಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆಯ ಕೋಷ್ಟಕಗಳ ಪ್ರಕಾರ ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ಪ್ರೋಟೀನು, ೪ ಮಿಲಿಗ್ರಾಂ ಕಬ್ಬಿಣ. ಬಿಳಿಯ ಅಕ್ಕಿಯಲ್ಲಿ ಪ್ರೋಟೀನು ಸುಮಾರು ೭ ಗ್ರಾಂ, ಕಬ್ಬಿಣ ಒಂದು ಮಿಲಿಗ್ರಾಮಿಗಿಂತ ಕಡಮೆ. ಸಜ್ಜೆಯಲ್ಲಿ ಪ್ರೋಟೀನು ೧೧ ಗ್ರಾಮಿಗೂ ಮಿಕ್ಕು, ಶೇಂಗಾದಲ್ಲಿ ೨೫. ಆದರೆ ಜೋಳವೊಂದೇ ಸಾಲದು. ಅದರಲ್ಲಿ ಲೈಸೀನ್ ಎಂಬ ಅಂಶ ಕಡಮೆ. ಅದು ಕಾಳುಬೇಳೆಗಳಲ್ಲಿ ಹೇರಳ. ಬರಿಯ ಜೋಳವನ್ನುಂಡು ಬದುಕುವ ಬಡವರಲ್ಲಿ ಕಾಣುವ ಪೆಲಾಗ್ರಾ ರೋಗವನ್ನು ಆ ಸಂಸ್ಥೆಯ ಡಾ. ಗೋಪಾಲನ್ ಅವರು ೧೯೬೦ರಲ್ಲಿ ಜೋಳದ ಲ್ಯೂಸೀನ್ ಅಂಶಕ್ಕೆ ಸಂಬಂಧಿಸಿ ವಿವರಿಸಿದರು. ರೊಟ್ಟಿಗೆ ಕಾಳಿನ ಪಲ್ಯವನ್ನು, ಹಿಂಡಿಗೆ ಮೊಸರನ್ನು ಜೊತೆಮಾಡಿದ ತಾಯಂದಿರು ಲೈಸೀನಿನ ಹೆಸರನ್ನು ಕೇಳಿದವರಲ್ಲ. ಆದರೂ ಕೊರತೆಯಿದ್ದೆಡೆಗೇ ಸರಿಯಾಗಿ ಕೈಹಾಕಿದರು.

ಈ ನ್ಯಾರಿ ಎರಡು ಬಗೆಯಿಂದ ಕೆಟ್ಟಿತು. ಮೊದಲನೆಯದು ಬರ. ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರಾಂತದಲ್ಲಿ ೧೮೭೬–೭೮ರ ಕ್ಷಾಮವು ಜನವನ್ನೂ ದನವನ್ನೂ ಗುಡಿಸಿಹಾಕಿತು. ಎರಡು ಹೊತ್ತು ಇಲ್ಲದವರಿಗೆ ಮೂರನೆಯದರ ಮಾತೆಲ್ಲಿ? ಎರಡನೆಯದು ಸದ್ದಿಲ್ಲದೆ ಬಂದದ್ದು: ಚಹಾ. ೧೯೦೩ರಲ್ಲಿ ಸರಕಾರವು ಚಹದ ಮೇಲೆ ಸೆಸ್ ವಿಧಿಸಿ ಆ ಹಣದಿಂದ ಚಹದ ಪ್ರಚಾರಕ್ಕೆ ದಾರಿಮಾಡಿತು. ೧೯೩೦ರ ದಶಕದಲ್ಲಿ ಊರೂರು ಸಂತೆ ಜಾತ್ರೆಗಳಿಗೆ ಚಹವನ್ನು ಕೊಂಡೊಯ್ದು ಕುಡಿಸುವ ಉದ್ಯೋಗ ಬೆಳೆಯಿತು. ದೊಡ್ಡವರು ಕುಡಿದರೆ ಕುಡಿಯಲಿ. ಈಗ ಮಕ್ಕಳಿಗೆ ಚಹಾ ಮತ್ತು ಬಿಸ್ಕಿಟು, ಇಲ್ಲವೆ ಚಹಾ ಮತ್ತು ಖಾರಿ ಎಂಬುದೇ ಅನೇಕ ಮನೆಗಳ ನ್ಯಾರಿಯಾಗಿದೆ. ಚಹದ ಒಗರು ಅನ್ನದಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಅರವತ್ತೈದಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಆಪಸ್ತಂಬನು ಪ್ರಮಾಣವನ್ನು ಬಿಟ್ಟುಕೊಟ್ಟು ಪದಾರ್ಥವನ್ನು ಕಟ್ಟಿದ್ದನು. ನಾವು ಉಪ್ಪು ಸಕ್ಕರೆಗಳ ಪೊಟ್ಟಣಗಳನ್ನೆಲ್ಲ ಬಿಟ್ಟುಕೊಟ್ಟು ಅನ್ನವನ್ನು ಕಟ್ಟಿದ್ದೇವೆ. ಇದನ್ನು ತಾಯಂದಿರ ಅಲಕ್ಷ್ಯವೆಂದು ದೂರುವವರು, ಸುಗ್ಗಿಯಲ್ಲಿ ನಸುಕಿನಲ್ಲೆದ್ದು ಹೊಲಕ್ಕೆ ಹೋಗುವವಳ ಬೆಳಗು ಎಷ್ಟು ಹೊತ್ತಿನದೆಂಬುದನ್ನು ಒಮ್ಮೆ ನೋಡಿಬರಬೇಕು. ರೊಟ್ಟಿ ಬಡಿಯಲು ಕೈಯೂ ಬೇಕು, ಹೊತ್ತೂ ಬೇಕು. ಬಿಸ್ಕಿಟಿಗೆ ಎರಡೂ ಬೇಡ.

ಸಾಲೋಟಗಿಯ ದಾನಕ್ಕೆ ಸಮಾನವಾದ ಕಾರ್ಯವು ಈ ನೆಲದಲ್ಲಿ ಮತ್ತೆ ನಡೆದದ್ದು ಬಹಳ ತಡವಾಗಿ. ಮಠಗಳ ಕಂತಿಭಿಕ್ಷೆ, ಊರವರ ವಾರಾನ್ನ, ಪ್ರಸಾದನಿಲಯಗಳು ಅನೇಕ ಬಡ ಹುಡುಗರನ್ನು ಓದಿಸಿದವು. ಆ ಉಪಕಾರವನ್ನು ಮರೆಯಲಾಗದು. ಆದರೆ ಜಾತಿಭೇದವಿಲ್ಲದೆ, ಹೆಣ್ಣು ಗಂಡೆನ್ನದೆ, ಶಾಲೆಗೆ ಬಂದ ಮಗುವಿಗೆಲ್ಲ ಅನ್ನವೆಂಬುದು ೨೦೦೧ರ ನವೆಂಬರ ೨೮ರಂದು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಾದ ಮೇಲೆ, ೨೦೦೨ರಲ್ಲಿ ವಿಜಾಪುರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಅಕ್ಷರದಾಸೋಹವಾಗಿ ಆರಂಭವಾಯಿತು. ಅದು ಮಧ್ಯಾಹ್ನದ ಅನ್ನ. ಬೆಳಗಿನ ಹೊತ್ತಿಗೆ ೨೦೧೩ರ ಆಗಸ್ಟ ೧ರಿಂದ ಕ್ಷೀರಭಾಗ್ಯದ ೧೫೦ ಮಿಲಿಲೀಟರ್ ಹಾಲು ಬಂತು. ೨೦೨೪ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಅದರೊಡನೆ ರಾಗಿಯ ಮಾಲ್ಟು ಸೇರಿತು. ಮಹಾವಗ್ಗದ ಗಂಜಿಯೇ ಮರಳಿ ಬಂದಂತಾಯಿತು. ೨೦೨೧ರ ಡಿಸೆಂಬರದಲ್ಲಿ ವಿಜಯಪುರವೇ ಮೊದಲಾದ ಏಳು ಜಿಲ್ಲೆಗಳಲ್ಲಿ ತತ್ತಿಯನ್ನು ಕೊಡತೊಡಗಿದಾಗ ವಾದವೆದ್ದಿತು. ತಿನ್ನುವವರಿಗೆ ತತ್ತಿ, ಒಲ್ಲದವರಿಗೆ ಬಾಳೆಹಣ್ಣು ಎಂಬ ನಿರ್ಣಯವು ನನಗೆ ನ್ಯಾಯವಾಗಿಯೇ ತೋರುತ್ತದೆ; ಬ್ರಹ್ಮಚಾರಿಯ ವ್ರತವನ್ನು ವ್ರತ ಹಿಡಿಯದ ಮಗುವಿನ ತಟ್ಟೆಗೆ ಹೊರಿಸುವುದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ. ನೆರೆಯ ತಮಿಳುನಾಡಿನಲ್ಲಿ ೨೦೨೨ರ ಸೆಪ್ಟೆಂಬರ ೧೫ರಿಂದ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಣಿಸನ್ನೇ ಕೊಡಲಾರಂಭಿಸಿದರು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯೂ ಅದನ್ನು ಸೂಚಿಸಿತ್ತು.

ಹಾಲು ಒಳ್ಳೆಯದೇ, ಆದರೆ ಬರಿಯ ಹೊಟ್ಟೆಯ ಮೇಲೆ ಒಂದು ಲೋಟ ಹಾಲು ನ್ಯಾರಿಯಾಗಲಾರದು. ತಾಂಬಾದಂತಹ ಊರಿನಲ್ಲಿ ಆರಿಸಿಕೊಳ್ಳಲು ದೂರ ಹೋಗಬೇಕಾದುದಿಲ್ಲ. ಇರುಳೇ ಬಡಿದಿಟ್ಟ ಕಟಕ ರೊಟ್ಟಿ, ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುವ ಶೇಂಗಾಹಿಂಡಿ, ಒಂದು ಬಟ್ಟಲು ಮೊಸರು, ನೆನೆಯಿಸಿ ಮೊಳಕೆ ಬರಿಸಿದ ಮಡಕಿಕಾಳು: ಇವಕ್ಕೆ ಬೆಳಗ್ಗೆ ಒಲೆ ಹೊತ್ತಿಸುವ ಅಗತ್ಯವೂ ಇಲ್ಲ. ಅವಸರದ ದಿನ ಚುರುಮುರಿಯ ಸುಸಲಾಕ್ಕೆ ಶೇಂಗಾವನ್ನೂ ಪುಟಾಣಿಯನ್ನೂ ಕೈತುಂಬ ಹಾಕಿದರೆ ಅದೂ ನಡೆದೀತು.

ಶನಿವಾರದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಂದು ಬೆಳಗಿನ ಶಾಲೆ. ಉಳಿದ ದಿನ ಹತ್ತರ ಹೊತ್ತಿಗೆ ಹೇಗೋ ಒಂದು ರೊಟ್ಟಿ ತಿಂದು ಬರುವ ಮಗುವು ಅಂದು ಮುಖ ತೊಳೆದವನೇ ಓಡಿಬರುತ್ತಾನೆ. ಕವಾಯತಿಗೆ ನಿಲ್ಲಿಸುವುದೂ ಅಂದೇ. ತಲೆತಿರುಗಿ ಕೂರುವ ಮಕ್ಕಳನ್ನು ಕಾಣುವುದೂ ಅಂದೇ. ಕನ್ನಡದ ಉಪಾಧ್ಯಾಯರು ಕಂಠಪಾಠವನ್ನು ಒಪ್ಪಿಸಿಕೊಳ್ಳಲು ಶನಿವಾರವನ್ನೇ ಇಟ್ಟುಕೊಳ್ಳುವ ವಾಡಿಕೆಯು ಹಲವೆಡೆ ಇದೆ. ಆ ದಿನ ಪದ್ಯ ತಪ್ಪಿದ ಹುಡುಗನನ್ನು ಬೈಯುವ ಮೊದಲು ನ್ಯಾರಿಯಾಯಿತೇ ಎಂದು ಕೇಳಿರೆಂದು ಉಪಾಧ್ಯಾಯಮಿತ್ರರಲ್ಲಿ ನನ್ನ ಬಿನ್ನಹ. ಆರುಣಿಯು ಕೂಡ ಮಗನನ್ನು ಬೈಯಲಿಲ್ಲ. ಉಂಡು ಬಾ ಎಂದನು.